ಚಕ್ರವಿಲ್ಲದೆ ಮಡಕೆ: ಮಣ್ಣಿನ ಸುರುಳಿಗಳಿಂದ ಪಾತ್ರೆ ಕಟ್ಟುವುದು ಹೇಗೆ?

ಸುರುಳಿ, ಅಂದರೆ ಹಗ್ಗದಂತೆ ಹೊಸೆದ ಮಣ್ಣು, ಸುತ್ತಿ ಕಟ್ಟಿದ ಪಾತ್ರೆ ಬಿರುಕು ಬಿಡುವುದು ಹೆಚ್ಚಾಗಿ ಎರಡು ಜಾಗದಲ್ಲಿ. ಒಂದು, ತಳ ಮತ್ತು ಗೋಡೆ ಸೇರುವ ಮೂಲೆ. ಇನ್ನೊಂದು, ನಿನ್ನೆ ಕೆಲಸ ನಿಲ್ಲಿಸಿ ಇವತ್ತು ಮತ್ತೆ ಶುರು ಮಾಡಿದ ಗೆರೆ. ಎರಡಕ್ಕೂ ಕಾರಣ ಒಂದೇ. ಅರ್ಧ ಒಣಗಿದ ಮಣ್ಣಿಗೆ ತೀರಾ ಹಸಿ ಮಣ್ಣು ಅಂಟಿಸಿರುತ್ತೇವೆ. ಹಸಿ ಮಣ್ಣು ಒಣಗುತ್ತಾ ಕುಗ್ಗುತ್ತದೆ. ಪಕ್ಕದ ಮಣ್ಣು ಆಗಲೇ ಕುಗ್ಗಿ ಕೂತಿರುತ್ತದೆ. ಇಬ್ಬರ ಎಳೆದಾಟದಲ್ಲಿ ಬೆಸುಗೆ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಈ ಕೆಲಸದಲ್ಲಿ ಕೈಚಳಕಕ್ಕಿಂತ ಮೊದಲು ಕಲಿಯಬೇಕಾದದ್ದು ಮಣ್ಣಿನ ಹದ ನೋಡುವುದು. ಕೆಳಗಿನ ಪ್ರತಿ ಹಂತದಲ್ಲೂ ಆ ಮಾತು ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಚಕ್ರ ಬರುವುದಕ್ಕೆ ಸಾವಿರಾರು ವರ್ಷ ಮೊದಲೇ ಜನ ಹೀಗೆ ಪಾತ್ರೆ ಕಟ್ಟುತ್ತಿದ್ದರು. ಜಪಾನಿನ ಜೋಮೋನ್ ಕಾಲದ ಮಡಕೆಗಳಲ್ಲಿ 10,000 ವರ್ಷಕ್ಕಿಂತ ಹಳೆಯವೂ ಇವೆ. ನೈಜೀರಿಯಾದ ಲಾಡಿ ಕ್ವಾಲಿ ದೊಡ್ಡ ದೊಡ್ಡ ನೀರಿನ ಕೊಡಗಳನ್ನು ಸುರುಳಿಯಿಂದಲೇ ಎಬ್ಬಿಸುತ್ತಿದ್ದರು. ಆ ದೇಶದ 20 ನೈರಾ ನೋಟಿನ ಮೇಲೆ ಅವರ ಚಿತ್ರವಿದೆ. ಕೀನ್ಯಾದಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ನೆಲೆಸಿದ ಮ್ಯಾಗ್ಡಲೀನ್ ಒಡುಂಡೊ ಅವರ ನುಣ್ಣನೆಯ ಹೂಜಿಗಳನ್ನು ನೋಡಿದವರು ಅವು ಚಕ್ರದ ಮೇಲೆ ಮಾಡಿದ್ದಲ್ಲ ಎಂದರೆ ನಂಬುವುದು ಕಷ್ಟ. ಸುರುಳಿ ಕೆಲಸ ಅಂದರೆ ಒರಟು ಕೆಲಸ, ಮಕ್ಕಳ ಕೆಲಸ ಅನ್ನುವುದು ಸುಮ್ನೆ ಮಾತು.

ಮೊದಲ ಪಾತ್ರೆಗೆ ಒಂದು ಅಳತೆ ಇಟ್ಟುಕೊಳ್ಳೋಣ: ತಳ 12 ಸೆಂ.ಮೀ. ಅಗಲ, ಎತ್ತರ 20 ಸೆಂ.ಮೀ., ಗೋಡೆಯ ದಪ್ಪ ಸುಮಾರು 8 ಮಿ.ಮೀ. ಇದಕ್ಕೆ ಎರಡರಿಂದ ಎರಡೂವರೆ ಕೆ.ಜಿ. ಮಣ್ಣು ಸಾಕು. ಇದಕ್ಕಿಂತ ಚಿಕ್ಕದು ಮಾಡಿದರೆ ಕೈ ಒಳಗೆ ಹೋಗುವುದಿಲ್ಲ. ಶುರುವಿನಲ್ಲೇ ತೀರಾ ದೊಡ್ಡದಕ್ಕೆ ಕೈ ಹಾಕಿದರೆ ಗೋಡೆ ಕುಸಿಯುತ್ತದೆ.

ಯಾವ ಮಣ್ಣು?

ಗ್ರಾಗ್ ಇರುವ ಮಣ್ಣು ತೆಗೆದುಕೊಳ್ಳಿ. ಗ್ರಾಗ್ ಅಂದರೆ ಒಮ್ಮೆ ಸುಟ್ಟ ಮಣ್ಣನ್ನು ಪುಡಿ ಮಾಡಿ ಬೆರೆಸಿದ್ದು. ಅದು ಆಗಲೇ ಸುಟ್ಟಿರುವುದರಿಂದ ಒಣಗುವಾಗ ಕುಗ್ಗುವುದಿಲ್ಲ, ಒಟ್ಟು ಕುಗ್ಗುವಿಕೆ ಕಡಿಮೆಯಾಗುತ್ತದೆ. ಗೋಡೆಯೊಳಗಿನ ನೀರು ಹೊರಗೆ ಬರಲು ದಾರಿಯೂ ಆಗುತ್ತದೆ. ಕೈಗೆ ಸ್ವಲ್ಪ ಮರಳು ಮರಳಾಗಿ ಸಿಗುತ್ತದೆ, ಅಷ್ಟೇ. ಕಡಿಮೆ ಶಾಖದಲ್ಲಿ ಸುಡುವ ಟೆರಾಕೋಟಾ ಆಗಲಿ, ಹೆಚ್ಚು ಶಾಖದಲ್ಲಿ ಸುಡುವ ಸ್ಟೋನ್‌ವೇರ್ ಆಗಲಿ, ಎರಡೂ ನಡೆಯುತ್ತದೆ. ಪೋರ್ಸೆಲಿನ್ (ಪಿಂಗಾಣಿ ಮಣ್ಣು) ಮಾತ್ರ ಈಗ ಬೇಡ. ಅದು ಜಾಸ್ತಿ ಕುಗ್ಗುತ್ತದೆ, ಸಣ್ಣ ತಪ್ಪನ್ನೂ ಮನ್ನಿಸುವುದಿಲ್ಲ.

ಹದ ನೋಡಲು ಸುಲಭದ ಪರೀಕ್ಷೆ ಇದೆ. ಪೆನ್ಸಿಲ್ ದಪ್ಪದ ಒಂದು ಸುರುಳಿ ಹೊಸೆದು ಬೆರಳಿಗೆ ಸುತ್ತಿ. ಬಿರುಕು ಬಿಡದೆ ಸುತ್ತಿಕೊಂಡರೆ ಸರಿ. ಮೇಲೆಲ್ಲ ಸೀಳು ಕಂಡರೆ ಮಣ್ಣು ಒಣಗಿದೆ, ಇಲ್ಲವೇ ಅದಕ್ಕೆ ಬಾಗುವ ಗುಣವೇ ಕಡಿಮೆ. ಬೆರಳಿಗೆ ಮೆತ್ತಿಕೊಂಡರೆ ನೀರು ಜಾಸ್ತಿ. ದಪ್ಪ ಬಟ್ಟೆ ಅಥವಾ ಹಲಗೆಯ ಮೇಲೆ ಸ್ವಲ್ಪ ಹೊತ್ತು ಹರಡಿಡಿ.

ಸಾಮಾನುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಹಲಗೆ, ಹಳೆಯ ಫೋರ್ಕ್, ದಪ್ಪ ಸೂಜಿ, ಮಣ್ಣು ಕತ್ತರಿಸಲು ತಂತಿ, ಸ್ಪಂಜು, ತಟ್ಟಲು ಚಪ್ಪಟೆ ಮರದ ಪಟ್ಟಿ, ತೆಳು ಪ್ಲಾಸ್ಟಿಕ್ ಹಾಳೆಗಳು. ಕೆರೆಯಲು ಎರಡು ರಿಬ್ (ಕೈಯಲ್ಲಿ ಹಿಡಿಯುವ ಚಪ್ಪಟೆ ಬಿಲ್ಲೆ) ಬೇಕು: ಹಲ್ಲು ಇರುವುದು ಒಂದು, ನುಣುಪು ಅಂಚಿನದು ಒಂದು. ಕೈಯಲ್ಲಿ ತಿರುಗಿಸುವ ಬ್ಯಾಂಡಿಂಗ್ ವೀಲ್ ಇದ್ದರೆ ಕೆಲಸ ಹಗುರ. ಇಲ್ಲದಿದ್ದರೆ ಹಲಗೆಯನ್ನೇ ತಿರುಗಿಸಿಕೊಳ್ಳಿ. ಇಷ್ಟರಲ್ಲಿ ಯಾವುದನ್ನು ಬಿಟ್ಟರೂ ಪ್ಲಾಸ್ಟಿಕ್ ಹಾಳೆ ಬಿಡಬೇಡಿ.

ಮಿದಿಯುವುದು

ಪೊಟ್ಟಣದಿಂದ ತೆಗೆದ ಮಣ್ಣಿನ ಹೊರಭಾಗ ಗಟ್ಟಿ, ಒಳಭಾಗ ಮೆತ್ತಗೆ ಇರುತ್ತದೆ. ಎಲ್ಲ ಕಡೆ ಒಂದೇ ಹದ ಬರುವ ತನಕ ಮಿದಿಯಿರಿ. ಅಂಗೈ ಬುಡದಿಂದ ಕೆಳಗೂ ಮುಂದಕ್ಕೂ ಒತ್ತಿ, ಮುದ್ದೆಯನ್ನು ನಿಮ್ಮ ಕಡೆ ಹೊರಳಿಸಿ, ಮತ್ತೆ ಒತ್ತಿ. ಐವತ್ತು ಅರವತ್ತು ಸಲ ಒತ್ತಿದ ಮೇಲೆ ತಂತಿಯಿಂದ ನಡುವೆ ಕತ್ತರಿಸಿ ನೋಡಿ. ಕತ್ತರಿಸಿದ ಮುಖದಲ್ಲಿ ತೂತು, ಬಣ್ಣದ ಪಟ್ಟೆ ಕಾಣದಿದ್ದರೆ ಆಯಿತು. ತೋಳಿನ ಬಲದಿಂದಲ್ಲ, ಮೈಭಾರ ಬಿಟ್ಟು ಒತ್ತಿ. ಮೇಜು ಸೊಂಟಕ್ಕಿಂತ ಸ್ವಲ್ಪ ಕೆಳಗಿದ್ದರೆ ಒಳ್ಳೆಯದು.

ಗಾಳಿ ಗುಳ್ಳೆ ಉಳಿದರೆ ಪಾತ್ರೆ, ಮಡಕೆ ಸುಡುವ ಕುಲುಮೆಯಾದ ಕಿಲ್ನ್‌ನಲ್ಲಿ ಸಿಡಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಿಜವಾಗಿ ಸಿಡಿಸುವುದು ಗಾಳಿಯಲ್ಲ, ನೀರು. ಪೂರ್ತಿ ಒಣಗದ ಗೋಡೆಯ ನೀರು 100 ಡಿಗ್ರಿ ದಾಟಿದಾಗ ಹಬೆಯಾಗುತ್ತದೆ. ಹೊರಗೆ ಬರಲು ದಾರಿ ಸಿಗದಿದ್ದರೆ ಗೋಡೆ ಒಡೆದುಕೊಂಡು ಬರುತ್ತದೆ. ಗುಳ್ಳೆ ಇದ್ದ ಜಾಗದಲ್ಲಿ ಗೋಡೆ ದುರ್ಬಲ ಎನ್ನುವುದು ಹೌದು, ಮಿದಿಯಲು ಅದೂ ಒಂದು ಕಾರಣ.

ಮಿದ್ದ ಮಣ್ಣಿನಲ್ಲಿ ಒಂದು ಹಿಡಿ ತೆಗೆದು ನೀರಲ್ಲಿ ಕಲಸಿ ಸ್ಲಿಪ್ ಮಾಡಿಟ್ಟುಕೊಳ್ಳಿ. ಚಮಚದಿಂದ ಸುರಿದರೆ ನಿಧಾನವಾಗಿ ಜಾರುವಷ್ಟು ಗಟ್ಟಿ ಇರಲಿ. ಪಾತ್ರೆಯ ಮಣ್ಣೇ ಆಗಬೇಕು. ಬೇರೆ ಮಣ್ಣಿನ ಸ್ಲಿಪ್ ಬೇರೆ ಪ್ರಮಾಣದಲ್ಲಿ ಕುಗ್ಗುತ್ತದೆ. ಉಳಿದ ಮಣ್ಣನ್ನು ಪ್ಲಾಸ್ಟಿಕ್ ಕೆಳಗೆ ಮುಚ್ಚಿಡಿ.

ತಳ

ಒಂದು ಮುದ್ದೆಯನ್ನು ಅಂಗೈಯಿಂದ ತಟ್ಟಿ, ಲಟ್ಟಣಿಗೆಯಿಂದ 8 ಮಿ.ಮೀ. ದಪ್ಪಕ್ಕೆ ಲಟ್ಟಿಸಿ. ಒಂದೇ ದಿಕ್ಕಿಗೆ ಲಟ್ಟಿಸಬೇಡಿ. ಹಾಳೆಯನ್ನು ಎತ್ತಿ, ತಿರುಗಿಸಿ, ಮಗುಚಿ ಲಟ್ಟಿಸಿ. ಆಮೇಲೆ ನುಣುಪು ರಿಬ್‌ನಿಂದ ಎರಡೂ ಕಡೆ ಗಟ್ಟಿಯಾಗಿ ಒತ್ತಿ ಎಳೆಯಿರಿ. ತಳದ ನಡುವೆ ಬೀಳುವ ಬಿರುಕು ಈ ಒತ್ತುವ ಕೆಲಸ ತಪ್ಪಿಸಿದ್ದಕ್ಕೆ ಸಿಗುವ ಫಲ. 12 ಸೆಂ.ಮೀ. ವೃತ್ತ ಕತ್ತರಿಸಿ, ಕೆಳಗೆ ಒಂದು ಪದರ ನ್ಯೂಸ್ ಪೇಪರ್ ಹಾಕಿ ಹಲಗೆಯ ಮೇಲಿಡಿ. ಪೇಪರ್ ಇದ್ದರೆ ತಳ ಹಲಗೆಗೆ ಅಂಟದೆ ಕುಗ್ಗಲು ಜಾಗ ಸಿಗುತ್ತದೆ.

ಸುರುಳಿ ಹೊಸೆಯುವುದು

ಗೋಡೆ ಎಷ್ಟು ದಪ್ಪ ಬೇಕೋ ಸುರುಳಿ ಅದರ ಸುಮಾರು ಎರಡರಷ್ಟು ದಪ್ಪ ಇರಬೇಕು. ನಮ್ಮದು 8 ಮಿ.ಮೀ. ಗೋಡೆ, ಹಾಗಾಗಿ ಒಂದೂವರೆ ಸೆಂ.ಮೀ. ದಪ್ಪದ ಸುರುಳಿ. ಬೆಸೆಯುವಾಗ ಅದು ಒತ್ತಿಹೋಗಿ ತೆಳುವಾಗುತ್ತದೆ. ಹೊಸಬರು ತೆಳ್ಳನೆ ಸುರುಳಿ ಮಾಡಿ, ಬೆಸೆಯಲು ಮಣ್ಣೇ ಸಾಲದೆ ಒದ್ದಾಡುವುದು ಸಾಮಾನ್ಯ.

ಮೊದಲು ಮುದ್ದೆಯನ್ನು ಗಾಳಿಯಲ್ಲೇ ಹಿಡಿದು, ಎರಡು ಕೈಯಿಂದ ಹಿಸುಕುತ್ತಾ ಉದ್ದ ಮಾಡಿ. ಸುಮಾರು ಎರಡು ಬೆರಳು ದಪ್ಪಕ್ಕೆ ಬಂದ ಮೇಲೆ ಮಾತ್ರ ಮೇಜಿನ ಮೇಲಿಡಿ. ಬೆರಳು ಅಗಲಿಸಿ, ನಡುವಿನಿಂದ ಶುರು ಮಾಡಿ, ಹೊಸೆಯುತ್ತಾ ಕೈಗಳನ್ನು ತುದಿಗಳ ಕಡೆ ಸರಿಸಿ. ಬೆರಳ ತುದಿಯಿಂದ ಅಂಗೈ ಬುಡದವರೆಗೆ ಉದ್ದಕ್ಕೆ ಉರುಳಲಿ, ಸುರುಳಿ ಪ್ರತಿ ಸಲ ಪೂರ್ತಿ ಒಂದು ಸುತ್ತಾದರೂ ತಿರುಗಬೇಕು. ಒಂದೆರಡು ಇಂಚು ಮಾತ್ರ ಹಿಂದೆ ಮುಂದೆ ಉಜ್ಜಿದರೆ ಅದು ಚಪ್ಪಟೆಯಾಗುತ್ತದೆ. ಹಾಗಾಯಿತಾ? ಸುರುಳಿಯನ್ನು ಅದರ ಕಿರಿದಾದ ಅಂಚಿನ ಮೇಲೆ ನಿಲ್ಲಿಸಿ ಮೆಲ್ಲಗೆ ತಟ್ಟಿ, ಮತ್ತೆ ಹಗುರ ಕೈಯಲ್ಲಿ ಹೊಸೆಯಿರಿ. ಒತ್ತಡ ಕಡಿಮೆ, ಉರುಳಾಟ ಜಾಸ್ತಿ. ಗುಟ್ಟು ಇಷ್ಟೇ.

12 ಸೆಂ.ಮೀ. ತಳಕ್ಕೆ ಒಂದು ಸುತ್ತಿಗೆ ಸುಮಾರು 38 ಸೆಂ.ಮೀ. ಬೇಕು. 45 ಸೆಂ.ಮೀ. ಉದ್ದ ಮಾಡಿದರೆ ತುದಿ ಕತ್ತರಿಸಲು ಅವಕಾಶ ಇರುತ್ತದೆ. ಒಮ್ಮೆಗೆ ಮೂರು ನಾಲ್ಕು ಸುರುಳಿ ಹೊಸೆದು ಪ್ಲಾಸ್ಟಿಕ್ ಕೆಳಗಿಡಿ. ಹತ್ತಾರು ಮಾಡಿ ಸಾಲಾಗಿ ಜೋಡಿಸಬೇಡಿ. ಕೈ, ಮೇಜು, ಗಾಳಿ ಎಲ್ಲವೂ ನೀರು ಹೀರುತ್ತವೆ. ಕೊನೆಯ ಸುರುಳಿ ಬಳಸುವ ಹೊತ್ತಿಗೆ ಅದು ಬಾಗಿಸಿದರೆ ಸೀಳುವ ಸ್ಥಿತಿಗೆ ಬಂದಿರುತ್ತದೆ.

ಬೆಸೆಯುವುದು

ಇದೇ ಇಡೀ ಕೆಲಸದ ಜೀವ. ನಿಧಾನಿಸಿ.

ತಳದ ಅಂಚಿನಲ್ಲಿ ಒಂದೂವರೆ ಸೆಂ.ಮೀ. ಅಗಲಕ್ಕೆ ಫೋರ್ಕ್‌ನಿಂದ ಅಡ್ಡಡ್ಡ ಗೀರಿ. ಆಳವಾಗಿಯೇ ಗೀರಿ, ಮೇಲೆ ಮೇಲೆ ಕೆರೆದರೆ ಪ್ರಯೋಜನವಿಲ್ಲ. ಸ್ಲಿಪ್ ಹಚ್ಚಿ, ಮೊದಲ ಸುರುಳಿ ಕೂರಿಸಿ, ಸಣ್ಣಗೆ ಅಲುಗಾಡಿಸುತ್ತಾ ಒತ್ತಿ. ಎರಡು ತುದಿಗಳನ್ನು ನೇರವಾಗಿ ಮುಟ್ಟಿಸಬೇಡಿ. ಒಂದರ ಮೇಲೊಂದು ಬರುವಂತೆ ಇಟ್ಟು, ಎರಡನ್ನೂ ಒಟ್ಟಿಗೆ ಓರೆಯಾಗಿ ಕತ್ತರಿಸಿ, ತುಂಡು ತೆಗೆದು ಜೋಡಿಸಿ. ಓರೆ ಕತ್ತರಿಸಿದ ಮುಖ ಅಗಲವಾಗಿರುತ್ತದೆ, ಹಿಡಿತ ಜಾಸ್ತಿ. ಮುಂದಿನ ಸುರುಳಿಯ ಕೂಡು ಜಾಗ ಇದರ ಮೇಲೆಯೇ ಬರಬಾರದು. ಇಟ್ಟಿಗೆ ಗೋಡೆ ಕಟ್ಟುವವರು ಸಂದಿನ ಮೇಲೆ ಸಂದು ಬರದಂತೆ ನೋಡಿಕೊಳ್ಳುತ್ತಾರಲ್ಲ, ಹಾಗೆ.

ಈಗ ಒಳಗಡೆ. ಒಂದು ಕೈಯನ್ನು ಹೊರಗೆ ಆನಿಸಿ ಹಿಡಿಯಿರಿ. ಇನ್ನೊಂದು ಕೈಯ ಹೆಬ್ಬೆರಳಿನಿಂದ ಸುರುಳಿಯ ಮಣ್ಣನ್ನು ಕೆಳಕ್ಕೆ ಎಳೆದು ತಳಕ್ಕೆ ಸೇರಿಸಿ. ಎಳೆತಗಳ ನಡುವೆ ಅಂತರ ಬೇಡ, ಒಂದರ ಪಕ್ಕಕ್ಕೆ ಒಂದು ತಾಗಿಕೊಂಡೇ ಬರಲಿ. ಸುತ್ತು ಮುಗಿದ ಮೇಲೆ ಹೊರಗಡೆಯೂ ಹಾಗೆಯೇ. ತಳದ ಒಳಮೂಲೆಗೆ ಮಾತ್ರ ಇನ್ನೊಂದು ಕೆಲಸ ಇದೆ. ತೆಳ್ಳನೆಯ ಒಂದು ಎಳೆ ಹೊಸೆದು ಮೂಲೆಯುದ್ದಕ್ಕೂ ಕೂರಿಸಿ, ಬೆರಳಿನಿಂದ ಒತ್ತಿ ಸವರಿ. ಚೂಪು ಮೂಲೆ ದುಂಡಗಾಗುತ್ತದೆ, ಶುರುವಿನಲ್ಲಿ ಹೇಳಿದ ಮೊದಲ ಬಿರುಕಿಗೆ ಜಾಗವೇ ಇರುವುದಿಲ್ಲ.

ಎರಡನೆಯ ಸುರುಳಿ ಮೊದಲನೆಯದರ ಮೇಲೆ. ಎರಡೂ ಈಗಷ್ಟೇ ಹೊಸೆದ ಮೆತ್ತನೆಯ ಮಣ್ಣಾದರೆ ಸ್ಲಿಪ್ ಬೇಕಾಗಿಲ್ಲ, ಗಟ್ಟಿಯಾಗಿ ಒತ್ತಿ ಎಳೆದರೆ ಸಾಕು. ಕೆಳಗಿನದು ಸ್ವಲ್ಪ ಬಿಗಿದುಕೊಂಡಿದ್ದರೆ ಗೀರಿ, ಸ್ಲಿಪ್ ಹಚ್ಚಲೇಬೇಕು. ಅನುಮಾನ ಬಂದರೆ ಗೀರಿಬಿಡಿ, ನಷ್ಟವೇನಿಲ್ಲ ಅಲ್ವಾ?

ಒಂದೇ ಉದ್ದ ಸುರುಳಿಯನ್ನು ಸುತ್ತುತ್ತಾ ಮೇಲೇರಿಸುವ ಕ್ರಮವೂ ಇದೆ. ಆದರೆ ಅದರಲ್ಲಿ ಅಂಚು ಯಾವಾಗಲೂ ಒಂದು ಕಡೆ ಎತ್ತರ. ಕಲಿಯುವವರಿಗೆ ಬಿಡಿ ಬಿಡಿ ಬಳೆಗಳೇ ಮೇಲು ಎನ್ನುವುದು ನನ್ನ ಅಭಿಪ್ರಾಯ.

ಹೊರಗೆ ಸುರುಳಿಯ ಗೆರೆಗಳು ಕಾಣಬೇಕು ಎಂದು ಆಸೆಯಿದ್ದರೆ ಹೊರಗಡೆ ಬೆಸೆಯದೆ ಬಿಡಬಹುದು. ಆಗ ಒಳಗಡೆ ಒಂದು ಗೆರೆಯೂ ಕಾಣದಂತೆ ಪೂರ್ತಿ ಬೆಸೆದಿರಬೇಕು. ಮೊದಲ ಪಾತ್ರೆಯಲ್ಲಿ ಎರಡೂ ಕಡೆ ಬೆಸೆಯಿರಿ.

ಮತ್ತೆ, ದಯವಿಟ್ಟು ಬೆರಳನ್ನು ಪದೇ ಪದೇ ನೀರಿಗೆ ಅದ್ದಬೇಡಿ. ಚಕ್ರದ ಮೇಲೆ ಮಣ್ಣು ಜಾರಲು ನೀರು ಬೇಕು. ಇಲ್ಲಿ ಬೇಡ. ನೀರು ಸವರಿದ ಕೂಡಲೇ ಮೇಲ್ಮೈ ನುಣ್ಣಗೆ ಕಾಣುತ್ತದೆ, ಕೆಲಸ ಚೆನ್ನಾಗಿ ಆಗುತ್ತಿದೆ ಅನಿಸುತ್ತದೆ. ಒಳಗೆ ಗೋಡೆ ಸಡಿಲವಾಗುತ್ತಿರುತ್ತದೆ. ಸಣ್ಣ ಬಿರುಕು ಕಂಡರೆ ಒಣ ಬೆರಳಿನಿಂದಲೇ ಒತ್ತಿ ಮುಚ್ಚಿ.

ನಿಲ್ಲಿಸಿ, ಕಾಯಿರಿ

ಮೂರು ನಾಲ್ಕು ಸುರುಳಿ ಆದ ಮೇಲೆ, ಅಂದರೆ ಐದಾರು ಸೆಂ.ಮೀ. ಎತ್ತರಕ್ಕೆ, ಕೆಲಸ ನಿಲ್ಲಿಸಿ. ಮೇಲಿನ ಭಾರ ಹೊರುವಷ್ಟು ಕೆಳಗಿನ ಗೋಡೆ ಬಿಗಿಯಬೇಕು. ಆದರೆ ಮೇಲಿನ ಅಂಚು ಮೆತ್ತಗೇ ಇರಬೇಕು, ಮುಂದಿನ ಸುರುಳಿ ಕೂರುವುದು ಅದರ ಮೇಲೆ. ಹಾಗಾಗಿ ಅಂಚಿಗೆ ಮಾತ್ರ ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಗೋಡೆಯನ್ನು ತೆರೆದಿಡಿ. ಎಷ್ಟು ಹೊತ್ತು ಎನ್ನುವುದಕ್ಕೆ ಗಡಿಯಾರ ನೋಡಬೇಡಿ. ಮಳೆಗಾಲದಲ್ಲಿ ಅರ್ಧ ದಿನವೇ ಬೇಕಾಗಬಹುದು, ಬಿಸಿ ಗಾಳಿಗೆ ಒಂದು ಗಂಟೆ ಸಾಕು. ಗೋಡೆಯನ್ನು ಬೆರಳಿಂದ ಮೆಲ್ಲಗೆ ತಳ್ಳಿ. ಬೆರಳ ಗುರುತು ಬಿದ್ದರೂ ಗೋಡೆ ಅಲುಗಾಡದಿದ್ದರೆ ಮುಂದುವರಿಯಬಹುದು.

ರಾತ್ರಿ ಬಿಟ್ಟು ಹೋಗುವಾಗ ಅಂಚಿನ ಮೇಲೆ ಹಿಂಡಿದ ಒದ್ದೆ ಬಟ್ಟೆ ಇಟ್ಟು, ಇಡೀ ಪಾತ್ರೆಯನ್ನು ಗಾಳಿ ಆಡದಂತೆ ಪ್ಲಾಸ್ಟಿಕ್‌ನಿಂದ ಮುಚ್ಚಿ. ಬೆಳಿಗ್ಗೆ ಅಂಚನ್ನು ಆಳವಾಗಿ ಗೀರಿ, ಸ್ಲಿಪ್ ಹಚ್ಚಿ, ಐದು ನಿಮಿಷ ಬಿಡಿ. ಮತ್ತೆ ಗೀರಿ, ಮತ್ತೆ ಹಚ್ಚಿ. ಆಮೇಲೆ ಸುರುಳಿ ಇಡಿ. ಅಂಚು ಒಣಗಿ ಬಣ್ಣ ತಿಳಿಯಾಗಿದ್ದರೆ ಆ ಭಾಗವನ್ನು ಕತ್ತರಿಸಿ ತೆಗೆಯುವುದೇ ಜಾಣತನ. ಒಂದು ಸುರುಳಿ ಹೋದರೆ ಹೋಗಲಿ, ಪಾತ್ರೆ ಉಳಿಯುತ್ತದೆ.

ಆಕಾರ

ಸುರುಳಿಯನ್ನು ಅಂಚಿನ ಹೊರಭಾಗಕ್ಕೆ ಸರಿಸಿ ಇಟ್ಟರೆ ಪಾತ್ರೆ ಅಗಲವಾಗುತ್ತದೆ. ಒಳಭಾಗಕ್ಕೆ ಸರಿಸಿದರೆ ಕಿರಿದಾಗುತ್ತದೆ. ಒಂದು ಸುತ್ತಿಗೆ ಮೂರು ನಾಲ್ಕು ಮಿ.ಮೀ. ಮೀರಬೇಡಿ, ಇಲ್ಲದಿದ್ದರೆ ಹೊಟ್ಟೆ ಜೋತುಬೀಳುತ್ತದೆ.

ಹೇಳುವುದಕ್ಕೆ ಸುಲಭ. ಆದರೆ ನೇರ ಗೋಡೆ ಕಟ್ಟಬೇಕು ಎಂದುಕೊಂಡವರ ಪಾತ್ರೆಯೂ ಮೇಲೆ ಹೋಗುತ್ತಾ ಬೋಗುಣಿಯಾಗಿಬಿಡುತ್ತದೆ. ಒಳಗಿನಿಂದ ಹೆಬ್ಬೆರಳು ಒತ್ತುವ ಪ್ರತಿ ಸಲವೂ ಗೋಡೆ ಹೊರಕ್ಕೆ ಹೋಗುವುದೇ ಕಾರಣ. ಹೊರಗೆ ಆನಿಸಿದ ಕೈ ಸುಮ್ಮನೆ ಇರಬಾರದು, ಅಷ್ಟೇ ಬಲದಿಂದ ಒಳಕ್ಕೆ ತಳ್ಳುತ್ತಿರಬೇಕು. ನೇರ ಗೋಡೆ ಬೇಕಿದ್ದರೂ ಸುರುಳಿಯನ್ನು ಒಂದು ಕೂದಲೆಳೆ ಒಳಗೇ ಇಡಿ, ಒತ್ತುವಾಗ ಅದು ಸರಿಹೋಗುತ್ತದೆ.

ಆಗಲೇ ಬಾಯಿ ಅಗಲವಾಗಿದ್ದರೆ ಎರಡು ದಾರಿ. ಮಣ್ಣು ಇನ್ನೂ ಮೆತ್ತಗಿದ್ದರೆ ಎರಡೂ ಅಂಗೈಯಿಂದ ಸುತ್ತ ಹಿಡಿದು, ತಿರುಗಿಸುತ್ತಾ ಒಳಕ್ಕೆ ಒತ್ತಿ. ಅದು ಸಾಲದಿದ್ದರೆ ಅಂಚಿನಲ್ಲಿ ನಾಲ್ಕು ಕಡೆ ಚೂಪು ತುದಿ ಕೆಳಗೆ ಬರುವಂತೆ ಉದ್ದನೆಯ ತ್ರಿಕೋನ ತುಂಡು ಕತ್ತರಿಸಿ ತೆಗೆಯಿರಿ. ಕತ್ತರಿಸಿದ ಬದಿಗಳನ್ನು ಗೀರಿ, ಸ್ಲಿಪ್ ಹಚ್ಚಿ, ಎಳೆದು ಕೂಡಿಸಿ. ದರ್ಜಿಗಳು ಬಟ್ಟೆಗೆ ಡಾರ್ಟ್ ಹಿಡಿಯುವ ಕ್ರಮವೇ ಇದು.

ಗೋಡೆ ಸ್ವಲ್ಪ ಬಿಗಿದ ಮೇಲೆ ಮರದ ಪಟ್ಟಿಯಿಂದ ಹೊರಗಿನಿಂದ ತಟ್ಟಿ, ಒಳಗೆ ಕೈ ಆನಿಸಿರಿ. ತಟ್ಟುವುದರಿಂದ ಉಬ್ಬುತಗ್ಗು ಸರಿಯಾಗುತ್ತದೆ, ಬೆಸುಗೆಯೂ ಬಿಗಿಯುತ್ತದೆ. ಎರಡೂ ಬದಿ ಒಂದೇ ಸಮ ಬೇಕಿದ್ದರೆ ಪಾತ್ರೆಯ ಅರ್ಧ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿಟ್ಟುಕೊಂಡು, ಗೋಡೆಗೆ ಹಿಡಿದು ನೋಡುತ್ತಾ ಕಟ್ಟಿ. ಆಗಾಗ ಹಲಗೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ತಿರುಗಿಸಿ ನೋಡಿ. ಮೇಲಿನಿಂದ ನೋಡಿದರೆ ಎಲ್ಲ ಪಾತ್ರೆಯೂ ಸರಿಯಾಗಿಯೇ ಕಾಣುತ್ತದೆ.

ಕೊನೆಯ ಸುರುಳಿ ಕೊಂಚ ದಪ್ಪ ಇರಲಿ. ಸೂಜಿಯನ್ನು ಒಂದೇ ಎತ್ತರದಲ್ಲಿ ಹಿಡಿದು ಪಾತ್ರೆ ತಿರುಗಿಸುತ್ತಾ ಅಂಚನ್ನು ಸಮವಾಗಿ ಕತ್ತರಿಸಿ. ಆಮೇಲೆ ಒದ್ದೆ ಮಾಡಿದ ತೆಳು ಪ್ಲಾಸ್ಟಿಕ್ ತುಂಡನ್ನು ಅಂಚಿನ ಮೇಲೆ ಮಡಚಿ ಹಿಡಿದು ಸುತ್ತಲೂ ಎಳೆಯಿರಿ. ಅಂಚು ದುಂಡಗೆ, ಬಿಗಿಯಾಗಿ ಬರುತ್ತದೆ.

ಕೆರೆದು ನುಣುಪು ಮಾಡುವುದು

ಮಣ್ಣು ತೊಗಲಿನ ಹದಕ್ಕೆ ಬರಲಿ. ಮುಟ್ಟಿದರೆ ತಣ್ಣಗಿರುತ್ತದೆ, ಉಗುರು ಒತ್ತಿದರೆ ಗುರುತು ಬೀಳುತ್ತದೆ, ಆದರೆ ಬಾಗುವುದಿಲ್ಲ. ಆಗ ಹಲ್ಲಿನ ರಿಬ್‌ನಿಂದ ಮೊದಲು ಒಂದು ಓರೆಗೆ, ಆಮೇಲೆ ಅದಕ್ಕೆ ಅಡ್ಡ ಓರೆಗೆ ಕೆರೆಯಿರಿ. ಉಬ್ಬಿದ ಜಾಗ ತಾನಾಗಿ ಕೆರೆದುಹೋಗುತ್ತದೆ. ತಗ್ಗು ಉಳಿದರೆ ಮೆತ್ತನೆಯ ಮಣ್ಣು ತುಂಬಿ. ನಂತರ ನುಣುಪು ರಿಬ್. ಗೋಡೆ ಎಷ್ಟು ಉಳಿದಿದೆ ಎಂದು ಅನುಮಾನವಾದರೆ ಸೂಜಿ ಚುಚ್ಚಿ ಆಳ ನೋಡಿ, ತೂತು ಮುಚ್ಚಿಬಿಡಿ. ಹೊಳಪು ಬೇಕಿದ್ದರೆ ಚಮಚದ ಬೆನ್ನಿನಿಂದ ಉಜ್ಜಬಹುದು. ಹೆಚ್ಚಿನ ಶಾಖದಲ್ಲಿ ಸುಟ್ಟರೆ ಆ ಹೊಳಪು ಮಾಸಿಹೋಗುತ್ತದೆ.

ಪೂರ್ತಿ ಒಣಗಿದ ಮೇಲೆ ಉಪ್ಪುಕಾಗದ ಹಿಡಿಯಬೇಡಿ. ಮಣ್ಣಿನ ಪುಡಿಯಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶ ಹಾಳಾಗುತ್ತದೆ. ಮೇಜು, ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದಲೇ ಒರೆಸಿ.

ಒಣಗಿಸುವುದು, ಸುಡುವುದು

ಅಂಚು ಬೇಗ ಒಣಗುತ್ತದೆ, ತಳ ತಡ. ಈ ಅಂತರ ಕಡಿಮೆ ಮಾಡುವುದೇ ಒಣಗಿಸುವ ಕೆಲಸ. ಮೊದಲ ಕೆಲವು ದಿನ ಸಡಿಲ ಪ್ಲಾಸ್ಟಿಕ್ ಕೆಳಗಿರಲಿ. ಗಟ್ಟಿಯಾದ ಮೇಲೆ ಪಾತ್ರೆಯನ್ನು ಬೋರಲು ಹಾಕಿ, ತಳಕ್ಕೆ ಗಾಳಿ ಆಡಲಿ. ಒಟ್ಟು ಒಂದರಿಂದ ಎರಡು ವಾರ. ಬಿಸಿಲು, ಫ್ಯಾನ್ ಎರಡೂ ಬೇಡ. ತೊಗಲಿನ ಹದದಲ್ಲಿ ಸಣ್ಣ ಬಿರುಕು ಕಂಡರೆ ಅದನ್ನು ಸೂಜಿಯಿಂದ ಅಗಲ ಮಾಡಿ, ವಿನೆಗರ್ ಬೆರೆಸಿದ ಸ್ಲಿಪ್ ಮತ್ತು ಮಣ್ಣು ತುಂಬಿ ಒತ್ತಿ. ಪೂರ್ತಿ ಒಣಗಿದ ಮೇಲೆ ದೊಡ್ಡ ಬಿರುಕು ಬಿಟ್ಟಿದ್ದರೆ ತೇಪೆ ಹಾಕಲು ಹೋಗಬೇಡಿ. ಒಡೆದು ನೀರಲ್ಲಿ ನೆನೆಸಿದರೆ ಅದೇ ಮಣ್ಣು ಮತ್ತೆ ಕೆಲಸಕ್ಕೆ ಬರುತ್ತದೆ.

ಒಣಗಿದೆಯೇ ಎಂದು ತಿಳಿಯಲು ಕೆನ್ನೆಗೆ ತಾಗಿಸಿ. ತಣ್ಣಗೆ ಅನಿಸಿದರೆ ಇನ್ನೂ ನೀರಿದೆ.

ಕಿಲ್ನ್‌ನಲ್ಲಿ ಮೊದಲು 80ರಿಂದ 90 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟು ಉಳಿದ ತೇವ ತೆಗೆಯುತ್ತಾರೆ. ಕೈಯಲ್ಲಿ ಕಟ್ಟಿದ ದಪ್ಪ ಪಾತ್ರೆಗೆ ಇದನ್ನು ತಪ್ಪಿಸಬಾರದು. 600 ಡಿಗ್ರಿವರೆಗೂ ನಿಧಾನ ಬೇಕು. ಮಣ್ಣಿನ ಕಣಗಳಲ್ಲೇ ಸೇರಿಕೊಂಡ ನೀರು ಹೊರಡುವುದು ಈ ಹಂತದಲ್ಲಿ. 573 ಡಿಗ್ರಿಯಲ್ಲಿ ಕ್ವಾರ್ಟ್ಜ್ ಕಣಗಳು ಒಮ್ಮೆಲೇ ಹಿಗ್ಗುತ್ತವೆ, ಆರುವಾಗ ಅಲ್ಲೇ ಕುಗ್ಗುತ್ತವೆ. ಅದಕ್ಕೇ ಬೇಗ ಬಾಗಿಲು ತೆಗೆಯಬಾರದು. ಬಿಸ್ಕ್, ಅಂದರೆ ಗ್ಲೇಜ್ (ಗಾಜಿನಂಥ ಲೇಪ) ಹಚ್ಚುವ ಮುಂಚಿನ ಮೊದಲ ಸುಡುವಿಕೆ, ಸಾಮಾನ್ಯವಾಗಿ 1000 ಡಿಗ್ರಿ ಆಸುಪಾಸು. ಇನ್ನೊಬ್ಬರ ಕಿಲ್ನ್‌ಗೆ ಕೊಡುವಾಗ ಮಣ್ಣಿನ ಹೆಸರು, ಅದು ತಾಳುವ ಉಷ್ಣ ಎರಡನ್ನೂ ಬರೆದು ಕೊಡಿ. ಟೆರಾಕೋಟಾ ಪಾತ್ರೆ ಸ್ಟೋನ್‌ವೇರ್ ಶಾಖಕ್ಕೆ ಹೋದರೆ ಕರಗಿ, ಒಳಗೆ ಪಾತ್ರೆ ಇಡುವ ಕಪಾಟಿನ ಹಲಗೆಯನ್ನೂ ಹಾಳು ಮಾಡುತ್ತದೆ.

ಮಣ್ಣನ್ನು ಅವಲಂಬಿಸಿ, ಗ್ಲೇಜ್ ಸುಡುವಿಕೆ ಮುಗಿಯುವ ಹೊತ್ತಿಗೆ ಪಾತ್ರೆ ಒಟ್ಟು ಶೇ. 8ರಿಂದ 12ರಷ್ಟು ಕುಗ್ಗಿರುತ್ತದೆ. 20 ಸೆಂ.ಮೀ. ಕಟ್ಟಿದ್ದು 18ರ ಹತ್ತಿರ ಬರುತ್ತದೆ. ಗ್ಲೇಜ್ ಹಚ್ಚಿದರೆ ತಳವನ್ನೂ ತಳದಿಂದ ಮೇಲೆ ಮೂರು ನಾಲ್ಕು ಮಿ.ಮೀ. ಭಾಗವನ್ನೂ ಒರೆಸಿ ಬಿಡಿ, ಇಲ್ಲದಿದ್ದರೆ ಕಪಾಟಿಗೆ ಅಂಟಿಕೊಳ್ಳುತ್ತದೆ. ಕಡಿಮೆ ಉಷ್ಣದಲ್ಲಿ ಸುಟ್ಟ ಮಣ್ಣು ನೀರು ಜಿನುಗಿಸುವುದುಂಟು. ಹೂದಾನಿ ಮಾಡುವ ಮುಂಚೆ ಒಂದು ರಾತ್ರಿ ನೀರು ತುಂಬಿ ಪೇಪರ್ ಮೇಲೆ ಇಟ್ಟು ನೋಡಿ. ಬೆಳಿಗ್ಗೆ ಪೇಪರ್ ಒದ್ದೆಯಾಗಿದ್ದರೆ ಅದನ್ನು ಒಣ ಹೂವಿಗೆ ಇಟ್ಟುಕೊಳ್ಳಿ.